ಹಂದರಕ್ಕೆ ಬೆಂಕಿ ಹಚ್ಚಬೇಡಿ ಎಂದವರು

ಹೋದ ತಿಂಗಳು ಮುದ್ದೇಬಿಹಾಳದ ಒಂದು ಸಭಾಭವನದ ಬಾಗಿಲಲ್ಲಿ ದೊಡ್ಡದೊಂದು ಫ್ಲೆಕ್ಸ್ ನಿಂತಿತ್ತು. ಅದರ ನಡುವೆ ನಮ್ಮ ದನದ ಡಾಕ್ಟರ ಮುಖ. ಮುಖದ ಹಿಂದೆ, ಯಾವ ಪುಣ್ಯಾತ್ಮನ ಕಲ್ಪನೆಯೋ, ಉರಿಯುವ ಸೂರ್ಯ ಮತ್ತು ಎರಡು ಖಡ್ಗ. ಕೆಳಗೆ ‘ಮೂಕಪ್ರಾಣಿಗಳ ವೀರಯೋಧನಿಗೆ ಅಂತಿಮ ನಮನ’ ಎಂಬ ದಪ್ಪಕ್ಷರ. ಮನುಷ್ಯನೊಬ್ಬ ಬದುಕಿದ್ದಷ್ಟು ಕಾಲ ಯಾವ ಒಂದು ಮಾತನ್ನು ಸಹಿಸಲಿಲ್ಲವೋ ಅದನ್ನೇ ಆರಿಸಿ ತಂದು ಅವನ ಭಾವಚಿತ್ರಕ್ಕೆ ಏರಿಸುವುದು ನಮ್ಮಲ್ಲಿ ಗೌರವ ಸಲ್ಲಿಸುವ ಕ್ರಮ. ತೀರಿಕೊಂಡವರು ಎದ್ದು ಬಂದು ತಿದ್ದುಪಡಿ ಸೂಚಿಸುವ ಅನುಕೂಲ ಇಲ್ಲದ್ದರಿಂದ ಈ ಕ್ರಮ ನಿರಾತಂಕವಾಗಿ ನಡೆದುಕೊಂಡು ಬಂದಿದೆ.

ನಾನು ಮನಗೂಳಿಯಿಂದ ಹೊರಟು, ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗಿದ್ದೆ. ದೇವಣಗಾಂವದಲ್ಲಿರುವ ನನ್ನ ತಂಗಿ ಹಿಂದಿನ ದಿನವೇ ನಮ್ಮ ಮನೆಗೆ ಬಂದು ನನ್ನೊಡನೆ ಹೊರಟಿದ್ದಳು. ಅವಳ ಎತ್ತಿನ ಕಥೆ ಆ ದಿನ ವೇದಿಕೆಯ ಮೇಲೆ ಮೂರು ಸಲ ಆಯಿತು. ಮೊದಲ ಭಾಷಣಕಾರರಲ್ಲಿ, ಗಂಟುರೋಗದಿಂದ ನೆಲ ಹಿಡಿದಿದ್ದ ಎತ್ತು ಡಾಕ್ಟರರ ಒಂದು ಇಂಜೆಕ್ಷನ್ನಿಗೆ ಎದ್ದು ನಿಂತಿತು. ಎರಡನೆಯವರಲ್ಲಿ ಎತ್ತಿನ ಉಸಿರು ಆಗಲೇ ನಿಂತಿತ್ತು, ಇಂಜೆಕ್ಷನ್ನು ಎರಡಾದವು. ಮೂರನೆಯವರು ಒಂದು ಎತ್ತಿನ ಬದಲು ಇಡೀ ಊರಿನ ದನವನ್ನೇ ಬದುಕಿಸಿದರು. ನಾಲ್ಕನೆಯವರಿಗೆ ಸಮಯ ಸಿಕ್ಕಿದ್ದರೆ ಎತ್ತು ತಾನೇ ಬಂದು ವಂದನಾರ್ಪಣೆ ಮಾಡುತ್ತಿತ್ತು.

ತಂಗಿ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು: “ಅಣ್ಣಾ, ಇವ್ರು ಯಾರ ಎತ್ತಿನ ಮಾತ ಹೇಳಾಕತ್ತಾರ?”

“ನಿಂದ.”

“ನನ್ನ ಎತ್ತಿಗಿ ಸೂಜೀನ ಮಾಡಿಲ್ಲಲ್ಲ ಅವ್ರು?”

ಮಾಡಿರಲಿಲ್ಲ. ಮಾಡದೆ ಇದ್ದುದಕ್ಕಾಗಿಯೇ ಆ ಮನುಷ್ಯ ನೆನಪಿನಲ್ಲಿ ಉಳಿಯಬೇಕಾದವರು. ಒಪ್ಪಿತವಾದ ವೃತ್ತಾಂತಗಳನ್ನು ನಾನು ಸುಲಭವಾಗಿ ನಂಬಿದವನಲ್ಲ. ನನ್ನ ಕಣ್ಣೆದುರೇ ಒಂದು ವೃತ್ತಾಂತ ಹುಟ್ಟಿ, ಅಂಬೆಗಾಲಿಟ್ಟು, ಮೂರು ಭಾಷಣಗಳಲ್ಲಿ ಪ್ರಾಯಕ್ಕೆ ಬಂದದ್ದನ್ನು ನೋಡಿದ ಮೇಲಂತೂ ಇದನ್ನು ಬರೆಯದೆ ಗತ್ಯಂತರವಿಲ್ಲ.

ಅವರನ್ನು ನಾನು ಮೊದಲು ಕಂಡದ್ದು ನಮ್ಮೂರಿನ ಒಂದು ಶಾಲೆಯಲ್ಲಿ. ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗಿದ ಕಾಲ ಆಗಷ್ಟೇ ಮುಗಿದಿತ್ತು. ‘ರೋಗನಿರೋಧಕ ಶಕ್ತಿ’ ಎಂಬ ಪದ ಕಷಾಯದ ಪುಡಿಯಿಂದ ಹಿಡಿದು ಬಿಸ್ಕತ್ತಿನ ಪೊಟ್ಟಣದವರೆಗೆ ಎಲ್ಲದರ ಮೇಲೂ ಅಚ್ಚಾಗುತ್ತಿತ್ತು. ಆ ವಿಷಯವಾಗಿ ಮಕ್ಕಳಿಗೆ ನಾಲ್ಕು ಮಾತು ಹೇಳಲು ಮನುಷ್ಯರ ಡಾಕ್ಟರರಾರಿಗೂ ಬಿಡುವಿಲ್ಲದ್ದರಿಂದ ಮುಖ್ಯೋಪಾಧ್ಯಾಯರು ಬಾಗೇವಾಡಿಯ ದನದ ದವಾಖಾನೆಯಿಂದ ಇವರನ್ನು ಕರೆಸಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ಕರೆದಲ್ಲಿಗೆ ಮಾತ್ರ ಹೋಗಿದ್ದರೆ ನನ್ನ ಓದು ಏಳನೆಯ ಇಯತ್ತೆಗೇ ನಿಂತುಬಿಡುತ್ತಿತ್ತು.

ಮಕ್ಕಳು ಪಾಠವನ್ನು ಒಪ್ಪಿಸಿದರು. ದೇಹವೆಂಬುದು ಕೋಟೆ, ರೋಗಾಣು ಶತ್ರು, ಬಿಳಿ ರಕ್ತಕಣ ಸೈನಿಕ. ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿರುವ ದುಗ್ಧರಸ ಗ್ರಂಥಿಗಳು ಸೈನಿಕರ ಠಾಣೆ. ನಮ್ಮ ಪಠ್ಯಪುಸ್ತಕ ಬರೆಯುವವರಿಗೆ ಯುದ್ಧವಿಲ್ಲದೆ ನೆಗಡಿಯನ್ನೂ ವಿವರಿಸಲು ಬಾರದು. ಡಾಕ್ಟರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, ಆ ಠಾಣೆಯನ್ನು ಕಟ್ಟಿದವರು ಯಾರು, ಒಳಗೆ ಅಡಿಗೆ ಮಾಡುವವರು ಯಾರು, ಹೊಸದಾಗಿ ಬಂದ ಸೈನಿಕನಿಗೆ ದಾರಿ ತೋರಿಸುವವರು ಯಾರು ಎಂದು ಒಂದೊಂದಾಗಿ ವಿಚಾರಿಸಿದರು. ಮಕ್ಕಳು ಗುರುಗಳ ಮುಖ ನೋಡಿದರು, ಗುರುಗಳು ಪುಸ್ತಕ ನೋಡಿದರು. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲಿನ ಸ್ಥಳವಿತ್ತು: ಗ್ರಂಥಿಗೆ ಆಕಾರ ನೀಡುವ ಆಧಾರ ಅಂಗಾಂಶವಿರುತ್ತದೆ.

“ಈ ಒಂದ ಸಾಲಿನ್ಯಾಗ ಇದ್ದವ್ರ ಬಗ್ಗೆ ಮಾತಾಡಾಕ ಬಂದೇನಿ,” ಎಂದು ಅವರು ಆರಂಭಿಸಿದರು.

ಆಧಾರ ಕೋಶಗಳನ್ನು ಅವರು ‘ಹಂದರದ ಮಂದಿ’ ಎಂದು ಕರೆದರು. ಮದುವೆಯ ಮನೆಯ ಮುಂದೆ ಕಂಬ ನೆಟ್ಟು, ಹಗ್ಗ ಬಿಗಿದು ಹಂದರ ಹಾಕುತ್ತಾರಲ್ಲ, ಗ್ರಂಥಿಯ ಒಳಗೂ ಅಂಥದೊಂದು ಎಳೆಗಳ ಹಂದರವಿದೆ. ಅದನ್ನು ಹೆಣೆದು ಹಿಡಿದುಕೊಂಡು ನಿಂತಿರುವ ಕೋಶಗಳು ಬರಿಯ ಕಂಬಗಳಲ್ಲ; ಬೀಗರ ಹಾಗೆ ಬಂದಿಳಿಯುವ ಬಿಳಿ ಕಣಗಳಿಗೆ ಇತ್ತ ಬನ್ನಿ ಎಂದು ದಾರಿ ತೋರಿಸುವುದು ಅವೇ, ಅವು ಸೊರಗಿ ಸಾಯದಂತೆ ಜೀವರಸ ಉಣಿಸುವುದು ಅವೇ. ಇವರು ನಮ್ಮವರು, ಇವರ ಮೇಲೆ ಕೈ ಮಾಡಬೇಡಿ ಎಂದು ಮನೆಯವರ ಪರಿಚಯ ಮಾಡಿಕೊಡುವ ಕೆಲಸದಲ್ಲೂ, ಗದ್ದಲ ಅತಿಯಾದಾಗ ತಣಿಸುವ ಕೆಲಸದಲ್ಲೂ ಅವುಗಳ ಪಾಲಿದೆ. ಊಟ ಮಾಡಿ ಹೊರಟವರ ಹೆಸರು ಮಾತ್ರ ಪುಸ್ತಕಕ್ಕೆ ಬಂದಿತು ಎಂದರು.

ನಾನು ಹಿಂದಿನ ಬೆಂಚಿನಿಂದ ಎದ್ದು, ಇದನ್ನೆಲ್ಲ ಯಾರು ನೋಡಿದ್ದಾರೆ ಎಂದು ಕೇಳಿದೆ. ಈ ಪ್ರಶ್ನೆಯನ್ನು ನಾನು ಪುರಾಣ ಹೇಳುವವರಿಂದ ಹಿಡಿದು ಗೊಬ್ಬರ ಮಾರುವವರವರೆಗೆ ಎಲ್ಲರಿಗೂ ಕೇಳಿದ್ದೇನೆ. ‘ಹಿರಿಯರು ಹೇಳಿದ್ದಾರೆ’ ಮತ್ತು ‘ವಿಜ್ಞಾನ ಹೇಳುತ್ತದೆ’ ಎಂಬ ಎರಡು ಉತ್ತರಗಳಲ್ಲಿ ಒಂದು ತಪ್ಪದೆ ದೊರೆತಿದೆ. ಇವರು ಎರಡನ್ನೂ ಕೊಡಲಿಲ್ಲ. ಬಲಗೈ ಎತ್ತಿದರು.

“ಎಳಿಗೋಳ ಹಂದರ ನಾ ಕಂಡೇನ್ರಿ. ಕಲಿಯೂ ಮುಂದ, ಬೆಳ್ಳಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಾಗ ನೋಡಿದ್ರ ಕರೀ ದಾರದ ಬಲಿ ಕಂಡಂಗ ಕಾಣತೈತಿ.” ಆಮೇಲೆ ಬಲಗೈ ಇಳಿಸಿ ಎಡಗೈ ಎತ್ತಿದರು. “ಉಣಸೂದು, ದಾರಿ ತೋರ್ಸೂದು, ಇವೆಲ್ಲಾ ಓದೇನಿ. ನೋಡಿದವ್ರು ಬರದಾರ. ನಾ ನೋಡಿಲ್ಲ.”

ಹಾಗಾದರೆ ದಿನಾ ಅರಿಶಿನದ ಹಾಲು ಕುಡಿದರೆ ಈ ಹಂದರ ಗಟ್ಟಿಯಾಗುತ್ತದೆಯೇ ಎಂದು ಮುಖ್ಯೋಪಾಧ್ಯಾಯರು ಕಾರ್ಯಕ್ರಮಕ್ಕೊಂದು ಮಂಗಳಕರ ಮುಕ್ತಾಯ ಬಯಸಿ ಕೇಳಿದರು. ಡಾಕ್ಟರು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿ ಸುಮ್ಮನೆ ನಿಂತರು.

ಅದು ಅವರ ಪದ್ಧತಿ ಎಂಬುದು ಮುಂದೆ ತಿಳಿಯಿತು. ಕಂಡದ್ದಕ್ಕೆ ಬಲಗೈ, ಓದಿದ್ದಕ್ಕೆ ಎಡಗೈ, ಗೊತ್ತಿಲ್ಲದ್ದಕ್ಕೆ ಜೇಬು. ಇಂಥ ಪದ್ಧತಿ ಎಲ್ಲರಿಗೂ ಕಡ್ಡಾಯವಾದರೆ ನಮ್ಮ ತಾಲೂಕುಗಳಲ್ಲಿ ಅಂಗಿ ಹೊಲಿಯುವವರಿಗೆ ಜೇಬು ಹಚ್ಚುವುದರಲ್ಲೇ ದಿನ ಕಳೆದೀತು.

ಅವರು ಎಲ್ಲರಿಗೂ ಹಿತವಾದ ಮನುಷ್ಯರಾಗಿದ್ದರೆಂದು ನಾನು ಹೇಳಲಾರೆ. ಆ ಕೆಲಸಕ್ಕೆ ಮುದ್ದೇಬಿಹಾಳದ ವೇದಿಕೆ ಇದೆ. ಸಮಯಪಾಲನೆ ಅವರಿಗೆ ಗೊತ್ತಿರಲಿಲ್ಲ. ಮಾತನಾಡುತ್ತಿರುವವರ ಮುಖ ನೋಡುವ ಬದಲು ಕುತ್ತಿಗೆ ನೋಡುತ್ತಿದ್ದರು. ದನದ ಹತ್ತಿರ ಹೋದರೆ ಬಾಯಿ ತೆರೆದು ನೋಡುವ ಮೊದಲು, ಜ್ವರದ ನಳಿಗೆ ಇಡುವ ಮೊದಲು, ಅವರ ಬೆರಳು ಹೆಗಲಿನ ಮುಂದಿನ ಚರ್ಮದ ಕೆಳಗೆ ಹೋಗುತ್ತಿತ್ತು. ಅಲ್ಲಿ ತೊಂಡೆಕಾಯಿಯಂತೆ ಜಾರುವ ಗ್ರಂಥಿಯೊಂದಿದೆ. ಅದನ್ನು ಮುಟ್ಟಿ ನೋಡುವುದೆಂದರೆ ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ಕೇಳಿದಂತೆ ಎನ್ನುತ್ತಿದ್ದರು. ದನಗಳು ಇದನ್ನು ಒಪ್ಪಿಕೊಂಡಿದ್ದವು. ಮನುಷ್ಯರಲ್ಲಿ ತೊಂದರೆಯಾಯಿತು. ಎದುರಿಗೆ ಸಿಕ್ಕ ಮಕ್ಕಳ ಗಲ್ಲ ಹಿಡಿಯುವ ನೆಪದಲ್ಲಿ ದವಡೆಯ ಕೆಳಗೆ ಬೆರಳಾಡಿಸಿ, ಹಲ್ಲು ಹುಳುಕಾಗಿದೆ ನೋಡಿಸಿ ಎಂದು ತಾಯಂದಿರಿಗೆ ಹೇಳುತ್ತಿದ್ದರು. ನಮ್ಮ ಮಕ್ಕಳಿಗೆ ದನದ ಡಾಕ್ಟರು ಬೇಕಿಲ್ಲ ಎಂದು ಮುಖ ಮುರಿದವರು ಆಮೇಲೆ ಯಾರಿಗೂ ಹೇಳದೆ ಹಲ್ಲು ತೋರಿಸಿಕೊಂಡು ಬರುತ್ತಿದ್ದರು.

ಮದುವೆಗಳಿಗೆ ಅವರು ತಪ್ಪದೆ ಹೋಗುತ್ತಿದ್ದರು, ಆದರೆ ಹಿಂದಿನ ದಿನ. ಹಾಲಗಂಬ ನೆಟ್ಟು ಪೂಜೆ ಮಾಡಿ, ಹಂದರ ಹಾಕುವವರ ನಡುವೆ ಕುಳಿತು ಅವರೊಂದಿಗೆ ರೊಟ್ಟಿ, ಶೇಂಗಾ ಹಿಂಡಿ ತಿಂದು, ಹಗ್ಗ ಹಿಡಿಯೆಂದರೆ ಹಿಡಿದು, ಅಕ್ಷತೆಯ ದಿನ ಊರಲ್ಲಿ ಇರುತ್ತಿರಲಿಲ್ಲ. ಆದ್ದರಿಂದ ಯಾವ ಮದುವೆಯ ವಿಡಿಯೋದಲ್ಲೂ ಅವರಿಲ್ಲ. ಮುದ್ದೇಬಿಹಾಳದ ಸಭೆಯಲ್ಲಿ ಒಬ್ಬರು, ಡಾಕ್ಟರು ಜನರೊಂದಿಗೆ ಬೆರೆಯುತ್ತಿರಲಿಲ್ಲ, ಮೂಕಪ್ರಾಣಿಗಳೇ ಅವರ ಬಂಧುಗಳು ಎಂದು ಗದ್ಗದಿತರಾದರು. ವಿಡಿಯೋದಲ್ಲಿ ಇಲ್ಲದವನು ಮದುವೆಗೆ ಬಂದೇ ಇಲ್ಲ ಎಂಬುದು ಈಗಿನ ಪ್ರಮಾಣಶಾಸ್ತ್ರ.

ನಿಂಬೆಗೆ ಹೆಸರಾದ ಇಂಡಿ ತಾಲೂಕಿನಲ್ಲಿ ಅವರು ಬಹಳ ವರ್ಷ ಕೆಲಸ ಮಾಡಿದ್ದರು. ಅಲ್ಲಿಂದ ಕಲಿತು ಬಂದ ಏಕೈಕ ದುಶ್ಚಟವೆಂದರೆ ನಿಂಬೆಹಣ್ಣು. ಅವರ ಮೋಟರ್‌ಸೈಕಲ್ಲಿಗೆ ಇಂಡಿಯ ನಿಂಬೆಹಣ್ಣು ತುಂಬಿದ ಬಲೆಯ ಚೀಲವೊಂದು ಸದಾ ತೂಗುತ್ತಿತ್ತು. ಒಮ್ಮೆ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಾಗ ನಾನು, ಗಾಯವಾದಾಗ ಈ ಗ್ರಂಥಿ ಬಾತುಕೊಳ್ಳುವುದೇಕೆ, ಹಂದರವೆಂದಿರಲ್ಲ, ಅದೇಕೆ ಹರಿಯುವುದಿಲ್ಲ ಎಂದು ಜಗ್ಗಾಡಿದೆ. ಅವರು ಆ ಚೀಲದ ಹಣ್ಣನ್ನೆಲ್ಲ ನನ್ನ ಮಡಿಲಿಗೆ ಸುರುವಿ, ಮುದುರಿದ ಬಲೆಯನ್ನು ತೋರಿಸಿದರು. ಒಂದೊಂದೇ ಹಣ್ಣು ಹಾಕಿದಂತೆ ಗಂಟುಗಳು ಅಷ್ಟೇ ಇದ್ದು ಬಲೆಯ ಕಣ್ಣುಗಳು ಅಗಲವಾದವು. ಎಡಗೈ ಎತ್ತಿ, ಹಂದರದ ಕೋಶಗಳು ಸದಾ ಹಗ್ಗವನ್ನು ತುಸು ಬಿಗಿಯಾಗಿ ಹಿಡಿದಿರುತ್ತವೆ, ರೋಗದ ಸುದ್ದಿ ಹೊತ್ತ ಕಣಗಳು ಬಂದು ಮುಟ್ಟಿದಾಗ ಆ ಹಿಡಿತ ಸಡಿಲಿಸುತ್ತವೆ, ಆಗ ಬಂದವರಿಗೆಲ್ಲ ಒಳಗೆ ಜಾಗವಾಗುತ್ತದೆ, ಜನ ಇನ್ನೂ ಹೆಚ್ಚಿದರೆ ಆಮೇಲೆ ಹೊಸ ಹಂದರವನ್ನೇ ಹೆಣೆಯುತ್ತವೆ ಎಂದು ಓದಿದ್ದನ್ನು ಹೇಳಿದರು. ಹಾಗಾದರೆ ಬಾವು ರೋಗವೋ ಮದ್ದೋ ಎಂದೆ.

“ಎರಡೂ ಅಲ್ರಿ ಕಾಕಾ. ಮದುವಿ ಮನಿ.”

ಉತ್ತರ ಚೆನ್ನಾಗಿತ್ತು, ಚೆನ್ನಾಗಿರುವ ಉತ್ತರಗಳ ಬಗ್ಗೆ ನನಗೆ ಅನುಮಾನ ಜಾಸ್ತಿ. ನಾನು ಒಪ್ಪಲಿಲ್ಲ. ನಿಂಬೆಹಣ್ಣನ್ನು ಮಾತ್ರ ಒಳಗೆ ಇಟ್ಟುಕೊಂಡೆ.

ಮರುವರ್ಷ ಚರ್ಮಗಂಟು ರೋಗ ಬಂದಿತು. ಅವರಿಗೆ ಆಗ ಸಿಂದಗಿಯ ಕಡೆ ವರ್ಗವಾಗಿ, ದೇವಣಗಾಂವವೂ ಅವರ ವ್ಯಾಪ್ತಿಗೆ ಬಂದಿತ್ತು. ನನ್ನ ತಂಗಿಗೆ ಗಂಡ ತೀರಿದ ಮೇಲೆ ಉಳಿದದ್ದು ಒಂದು ತುಂಡು ಹೊಲ ಮತ್ತು ಒಂದು ಜೋಡಿ ಖಿಲಾರಿ ಎತ್ತು. ತನ್ನ ಹೊಲ ಮುಗಿಸಿ ಮಂದಿಯ ಹೊಲಕ್ಕೂ ಬಾಡಿಗೆಗೆ ಗಳೆ ಹೂಡಿಸಿ ಅವಳು ಮನೆ ನಡೆಸುತ್ತಿದ್ದಳು. ಜೋಡಿಯಲ್ಲಿ ಒಂದು ಹೋದರೆ ಇನ್ನೊಂದು ನಿಂತು ತಿನ್ನುವುದಕ್ಕಷ್ಟೇ. ಆ ಜೋಡಿಯಲ್ಲಿ ಎಡಕ್ಕೆ ಹೂಡುವ ಎತ್ತಿನ ಮೈತುಂಬ ಗಂಟೆದ್ದು, ಹೆಗಲಿನ ಮುಂದಿನ ಗ್ರಂಥಿ ಬದನೆಕಾಯಿಯಂತೆ ಬಾತು ನಿಂತಿತು. ಅವಳು ಡಾಕ್ಟರಿಗೂ ನನಗೂ ಹೇಳಿ ಕಳಿಸಿದಳು, ನಾನು ಹೋದೆ.

ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಕುಳ್ಳಿನ ಬೆಂಕಿ ಹೊತ್ತಿತ್ತು. ಬೆಂಕಿಯಲ್ಲಿ ಕುಡುಗೋಲು ಕೆಂಪಗಾಗುತ್ತಿತ್ತು. ಬಾವು ಬಂದ ದನಕ್ಕೆ ಬರೆ ಎಳೆಯುವುದು ನಮ್ಮ ಕಡೆಯ ಹಳೆಯ ಚಿಕಿತ್ಸೆ. ಎಲ್ಲಕ್ಕಿಂತ ದಪ್ಪಗೆ ಕಾಣುವುದೇ ರೋಗದ ಬೇರು ಎಂಬುದು ಅದರ ಸಿದ್ಧಾಂತ. ಕಳ್ಳನನ್ನು ಹಿಡಿಯಲು ಊರಿನ ಮಂದಿ ಎಲ್ಲಿ ಸೇರಿದ್ದಾರೋ ಅಲ್ಲಿಗೇ ಹೋಗಿ ಬಡಿಯುವಂಥ ಜಾಣತನ. ಬರೆ ಎಳೆಯಲು ಕುಳಿತವರು ಊರಿನ ಹಿರಿಯರೊಬ್ಬರು, ಸಾವಿರ ದನಕ್ಕೆ ಬರೆ ಎಳೆದ ಕೈ ಎಂಬ ಖ್ಯಾತಿ ಉಳ್ಳವರು. ಸತ್ತ ದನಗಳು ಖ್ಯಾತಿಯ ಲೆಕ್ಕಕ್ಕೆ ಬರುವುದಿಲ್ಲ.

ಡಾಕ್ಟರು ಎಂದಿನಂತೆ ತಡವಾಗಿ ಬಂದರು. ಬಂದವರೇ ಎತ್ತಿನ ಹೆಗಲಿನ ಮುಂದೆ ಕೈ ಇಟ್ಟು, ಹಿಸುಕಿ, ಮೆತ್ತಗಿದೆಯೋ ಗಟ್ಟಿಯಾಗಿದೆಯೋ ನೋಡಿದರು. ಒಳಗೆ ಕೀವು ಇದ್ದರೆ ತಾವೇ ಕೊಯ್ಯುವುದಾಗಿಯೂ, ಇದು ಅಂಥದಲ್ಲವೆಂದೂ ಹೇಳಿದರು. ಈ ರೋಗಕ್ಕೆ ನೇರವಾದ ಔಷಧವಿಲ್ಲ. ನೆರಳು, ನೀರು, ಹಸಿ ಮೇವು, ಗಂಟೊಡೆದ ಕಡೆ ನೊಣ ಕೂರದಂತೆ ಮುಲಾಮು, ಇಷ್ಟೇ ಎಂದರು. ಅಂಗಳದಲ್ಲಿ ನೆರೆದವರಿಗೆ ಇದು ಬಹಳ ಬೇಸರ ತಂದಿತು. ಸರಕಾರದ ಸಂಬಳ ತಿಂದು ನೆರಳು, ನೀರು ಎಂದು ಹೇಳಲು ಡಾಕ್ಟರೇ ಬೇಕೇ ಎಂದು ಒಬ್ಬರು ಗೊಣಗಿದರು.

ಹಿರಿಯರು ಕುಡುಗೋಲು ಕೈಗೆತ್ತಿಕೊಂಡು ಎದ್ದರು. ಡಾಕ್ಟರು ಎತ್ತಿನ ಹೆಗಲ ಮೇಲಿನ ಕೈಯನ್ನು ತೆಗೆಯಲಿಲ್ಲ.

“ಮದುವಿ ಮನ್ಯಾಗ ಗದ್ದಲ ಐತಿ ಅಂತ ಹಂದರಕ್ಕ ಬೆಂಕಿ ಹಚ್ತಾರೇನ್ರಿ ಯಜಮಾನ್ರ?”

ಯಜಮಾನರಿಗೆ ಮದುವೆಯ ಮಾತು ಇಲ್ಲಿ ಏಕೆ ಬಂತೆಂದು ತಿಳಿಯಲಿಲ್ಲ. ಅವರು ತಮಗೆ ತಿಳಿದದ್ದನ್ನು ಕೇಳಿದರು: “ಎತ್ತ ಸತ್ರ ನೀವ ಹೊಣಿ ಏನು?”

ನಾನು ಡಾಕ್ಟರ ಕೈಗಳನ್ನೇ ನೋಡುತ್ತಿದ್ದೆ. ಎಡಗೈ ಜೇಬಿಗೆ ಹೋಯಿತು. ಬಲಗೈ ಎತ್ತಿನ ಮೇಲಿದ್ದುದರಿಂದ ಅದು ಹೋಗಲಿಲ್ಲ, ಅಷ್ಟೇ.

“ಉಳಿತೈತಿ ಅಂತ ನಾ ಹೇಳಾಂಗಿಲ್ಲ. ನನಗ ಗೊತ್ತಿಲ್ಲ,” ಎಂದರು. ಆಮೇಲೆ ಆ ಬಲಗೈಯನ್ನು ಎತ್ತಿದರು. “ಸುಟ್ಟ ಗಾಯಕ್ಕ ನೊಣ ಕುಂತು, ಹುಳ ಆಗಿ, ಅದರಿಂದನ ದನ ಸತ್ತಿದ್ದು ಕಂಡೇನಿ. ಇದು ಕಂಡದ್ದು.”

ಊರಿನ ಎದುರು ‘ಗೊತ್ತಿಲ್ಲ’ ಎಂದ ಸರಕಾರಿ ನೌಕರನನ್ನು ದೇವಣಗಾಂವದ ಜನ ಅಂದೇ ಮೊದಲು ನೋಡಿರಬೇಕು. ಕೆಲವರು ನಕ್ಕರು. ಗೊತ್ತಿದೆ ಎನ್ನುವ ಹಿರಿಯರು ಒಂದು ಕಡೆ, ಗೊತ್ತಿಲ್ಲ ಎನ್ನುವ ಡಾಕ್ಟರು ಇನ್ನೊಂದು ಕಡೆ. ಇಂಥ ಸ್ಪರ್ಧೆಯಲ್ಲಿ ಗೆಲ್ಲುವವರು ಯಾರೆಂಬುದಕ್ಕೆ ನಮ್ಮ ಇತಿಹಾಸವೇ ಸಾಕ್ಷಿ. ಎಲ್ಲರೂ ನನ್ನ ತಂಗಿಯ ಕಡೆ ತಿರುಗಿದರು. ಅವಳು ನನ್ನ ಕಡೆ ನೋಡಲಿಲ್ಲ, ಡಾಕ್ಟರನ್ನು ಕೇಳಿದಳು.

“ನಿಮ್ಮ ಎತ್ತ ಆಗಿದ್ರ ಏನ ಮಾಡ್ತಿದ್ರಿ, ಸಾಹೇಬ್ರ?”

“ಇಲ್ಲೇ ಕುಂಡ್ರತಿದ್ದೆ, ತಂಗೆವ್ವ.”

“ಹಂಗಾರ ಕುಂಡರ್ರಿ,” ಎಂದು ಅವಳು ಒಳಗಿನಿಂದ ಒಂದು ಗೋಣಿಚೀಲ ತಂದು ಎತ್ತಿನ ಪಕ್ಕದಲ್ಲಿ ಹಾಸಿದಳು. ಕುಡುಗೋಲು ತಣ್ಣಗಾಗುವವರೆಗೆ ಅವರು ಅದರ ಮೇಲೆ ಕುಳಿತೇ ಇದ್ದರು.

ಮುಂದೆ ದಿನಾ ಬೆಳಿಗ್ಗೆ ದವಾಖಾನೆಗೆ ಹೋಗುವ ಮುನ್ನ ಬಂದು ಹೋಗುತ್ತಿದ್ದರು. ಊರು ಕಟ್ಟೆಯ ಮೇಲೆ ಕುಳಿತು ಎತ್ತು ಸಾಯುವುದನ್ನು ಕಾಯುತ್ತಿತ್ತು. ಸತ್ತರೆ ಡಾಕ್ಟರನ್ನು ಏನು ಮಾಡಬೇಕೆಂಬ ಚರ್ಚೆಯೂ ಮುಗಿದಿತ್ತೆಂದು ಕೇಳಿದೆ. ಅವರಿಗೆ ಅದು ಗೊತ್ತಿತ್ತು. ಆದರೂ ಮೋಟರ್‌ಸೈಕಲ್ಲನ್ನು ಅದೇ ಕಟ್ಟೆಯ ಮುಂದೆಯೇ ನಿಲ್ಲಿಸಿ, ಕುಳಿತವರ ಕುತ್ತಿಗೆಗಳನ್ನು ಒಮ್ಮೆ ನೋಡಿ ಒಳಗೆ ಬರುತ್ತಿದ್ದರು. ತಂಗಿ ರಾತ್ರಿಯ ಹೊತ್ತು ಎತ್ತಿನ ಮುಂದೆ ಮಲಗುತ್ತಿದ್ದಳು, ಹಗಲು ಬೇವಿನ ಸೊಪ್ಪಿನಿಂದ ನೊಣ ಹೊಡೆಯುತ್ತಿದ್ದಳು. ಅವರು ತಾವು ಮುಟ್ಟಿ ನೋಡಿದ ಮೇಲೆ ಅವಳ ಕೈಯಿಂದಲೂ ಮುಟ್ಟಿಸಿ ನೋಡುತ್ತಿದ್ದರು. ಒಂದು ಮುಂಜಾನೆ ಅವರು ಬರುವಷ್ಟರಲ್ಲಿ ಅವಳೇ ಬಾಗಿಲಿಗೆ ಬಂದು ನಿಂತು ಬಲಗೈ ಎತ್ತಿ ಹೇಳಿದಳು: “ಬದ್ನಿಕಾಯಿ ತಿರಗಿ ತೊಂಡಿಕಾಯಿ ಆಗಾಕತ್ತೈತ್ರಿ.” ಅವಳು ಆ ಕೈಯ ಪದ್ಧತಿಯನ್ನು ಯಾವಾಗ ಕಲಿತಳೋ ನನಗೆ ತಿಳಿಯದು.

ಎತ್ತು ಉಳಿಯಿತು. ಬರೆ ಎಳೆಯದ್ದರಿಂದಲೇ ಉಳಿಯಿತೆಂದು ನಾನು ಹೇಳುವುದಿಲ್ಲ. ಅದೇ ಊರಿನಲ್ಲಿ ಬರೆ ತಿಂದೂ ಬದುಕಿದ ದನಗಳಿದ್ದವು, ಬರೆ ತಿನ್ನದೆಯೂ ಸತ್ತವಿದ್ದವು. ನಾನು ಇದನ್ನು ಡಾಕ್ಟರಿಗೆ ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು. ತಾವೇ ಹೇಳಬೇಕೆಂದಿದ್ದುದನ್ನು ಹೇಳಿದಿರಿ ಎಂದರು. ತನ್ನ ಕೀರ್ತಿಯನ್ನು ಕೊಯ್ದು ಹಾಕಿದ್ದಕ್ಕೆ ಚಹಾ ಕುಡಿಸಿದವರನ್ನು ನಾನು ಬೇರೆ ಕಂಡಿಲ್ಲ.

ನಿವೃತ್ತಿಯಾದ ಮೇಲೆ ಮುದ್ದೇಬಿಹಾಳದಲ್ಲಿ ಮನೆ ಮಾಡಿದ್ದರು. ಅಲ್ಲಿಯೇ ಎದೆನೋವಿನಿಂದ ತೀರಿಕೊಂಡರು. ಹೀಗಾಗಿ ಖಡ್ಗಗಳ ಫ್ಲೆಕ್ಸು.

ಮೂರನೆಯ ಭಾಷಣ ಮುಗಿದಾಗ, ಆ ಎತ್ತಿನ ಒಡತಿ ಸಭೆಯಲ್ಲಿದ್ದಾಳೆಂಬ ಸುದ್ದಿ ಹೇಗೋ ವೇದಿಕೆಗೆ ಮುಟ್ಟಿತು. ನಿರೂಪಕರು ತಾವೇ ಇಳಿದು ಬಂದು, ತಾಯಿ ಎರಡು ಮಾತನಾಡಬೇಕೆಂದು ಅವಳ ಕೈಗೆ ಮೈಕು ಕೊಟ್ಟರು. ಅವಳು ಅಳುವುದನ್ನು ಹಿಡಿಯಲು ಒಬ್ಬರು ಮೊಬೈಲನ್ನೂ ಸಿದ್ಧ ಮಾಡಿಕೊಂಡರು. ಅವಳು ಅಳಲಿಲ್ಲ. ಮೈಕನ್ನು ಎಡಗೈಗೆ ಬದಲಿಸಿ, ಬಲಗೈ ಎತ್ತಿದಳು.

“ಅವ್ರು ಇಂಜೆಕ್ಷನ್ ಮಾಡ್ಲಿಲ್ರಿ. ಸುಡಬ್ಯಾಡ್ರಿ ಅಂದ್ರು. ಗೊತ್ತಿಲ್ಲ ಅಂದ್ರು. ಹೆಗಲ ಮ್ಯಾಲೆ ಕೈ ಇಟ್ಟು ಕುಂತ್ರು. ನಾ ಕಂಡದ್ದು ಇಷ್ಟ. ನನ್ನ ಎತ್ತಿನ ಮೈಮ್ಯಾಲೆ ಇವತ್ತಿಗೂ ಒಂದ ಬರಿ ಇಲ್ಲ. ಯಾರ ಬೇಕಾದ್ರೂ ದೇವಣಗಾಂವಕ್ಕ ಬಂದು ನೋಡ್ಬಹುದು.”

ಮೂರು ಭಾಷಣಗಳು ವೇದಿಕೆಯ ಮೇಲೆ ನೆಲ ಹಿಡಿದಿದ್ದವು. ಆದರೆ ನಿರೂಪಕರು ಅನುಭವಿಗಳು. ಮೈಕನ್ನು ಮರಳಿ ಪಡೆದವರೇ, “ಕೇಳಿದಿರಾ ಬಂಧುಗಳೇ, ಇಂಜೆಕ್ಷನ್ನಿಲ್ಲ, ಔಷಧವಿಲ್ಲ, ಕೇವಲ ಹಸ್ತಸ್ಪರ್ಶದಿಂದ ಆ ಮಹಾನುಭಾವರು ಎತ್ತನ್ನು ಬದುಕಿಸಿದರು” ಎಂದರು. ದೊಡ್ಡ ಚಪ್ಪಾಳೆ ಬಿದ್ದಿತು. ಸತ್ಯ ಬಂದು ನಿಂತರೂ ಅದಕ್ಕೊಂದು ಹಾರ ಹಾಕಿ ಸುಳ್ಳಿನ ಪಕ್ಕದಲ್ಲೇ ಕೂರಿಸುವ ಆತಿಥ್ಯದಲ್ಲಿ ನಮ್ಮನ್ನು ಮೀರಿಸಿದವರಿಲ್ಲ.

ಅಷ್ಟಕ್ಕೆ ಬಿಡದೆ ಅವರು ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದರು. “ಹಿರಿಯರು ಅಲ್ಲೇ ಇದ್ದವರು. ನೀವು ಹೇಳಿ ಯಜಮಾನರೇ, ಅವರ ಕೈಗುಣದಿಂದಲೇ ಎತ್ತು ಉಳಿಯಿತಲ್ಲವೇ?”

ನಾನು ಎದ್ದು ನಿಂತೆ. ಹೌದೆಂದಿದ್ದರೆ ಊಟಕ್ಕೆ ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು. ಇಲ್ಲವೆಂದಿದ್ದರೆ ಅದೂ ನನಗೆ ಗೊತ್ತಿಲ್ಲದ ಮಾತೇ ಆಗುತ್ತಿತ್ತು. ನನ್ನ ನೆಹರೂ ಅಂಗಿಗೆ ಎರಡೂ ಬದಿಗೆ ಜೇಬುಗಳಿವೆ. ಎರಡೂ ಕೈಗಳನ್ನು ಅವುಗಳಿಗೆ ಇಳಿಸಿ, ಫ್ಲೆಕ್ಸಿನ ಖಡ್ಗಗಳ ನಡುವಿನ ಆ ಮುಖದ ಕಡೆ ತಿರುಗಿ ಸುಮ್ಮನೆ ನಿಂತೆ.

ಹಿರಿಯರಿಗೆ ದುಃಖದಿಂದ ಮಾತು ಹೊರಡುತ್ತಿಲ್ಲವೆಂದು ನಿರೂಪಕರು ಸಭೆಗೆ ತಿಳಿಸಿದರು. ಪಕ್ಕದಲ್ಲಿ ತಂಗಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅಲುಗುತ್ತಿದ್ದಳು. ಅವಳು ಅಳುತ್ತಿದ್ದಾಳೆಂದೇ ತಿಳಿದುಕೊಂಡು ಆ ಮೊಬೈಲಿನವರು ಕೊನೆಗೂ ಅದನ್ನು ಹಿಡಿದುಕೊಂಡರು.